‘ಎಷ್ಟು?’ ಎಂದು ಕೇಳಿದ ಹಾಲ್ಡೇನ್

ಜೆ.ಬಿ.ಎಸ್. ಹಾಲ್ಡೇನ್ ಅವರನ್ನು ಇಬ್ಬರನ್ನಾಗಿ ನೋಡುವುದು ರೂಢಿ: ಜೀವವಿಕಾಸವನ್ನು ಗಣಿತಕ್ಕೆ ಒಗ್ಗಿಸಿದ ವಿಜ್ಞಾನಿ ಒಬ್ಬರು, ಬಿಡುವಿದ್ದಾಗ ಪತ್ರಿಕೆಗೆ ಬರೆದ ಲೇಖಕ ಮತ್ತೊಬ್ಬರು. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಎರಡೂ ಕಡೆ ಅವರು ಕೇಳಿದ ಪ್ರಶ್ನೆ ಒಂದೇ: ಎಷ್ಟು? ಮ್ಯಾಂಚೆಸ್ಟರಿನಲ್ಲಿ 1848ರ ಹೊತ್ತಿಗೆ ಅಪರೂಪಕ್ಕೆ ಸಿಕ್ಕಿದ್ದ ಕಪ್ಪು ಪತಂಗ, ಶತಮಾನ ಮುಗಿಯುವಷ್ಟರಲ್ಲಿ ಬಿಳಿಯದನ್ನು ಬಹುತೇಕ ಮೂಲೆಗೊತ್ತಿತ್ತು. ಕಾರ್ಖಾನೆಯ ಮಸಿ ಹಿಡಿದ ಮರಗಳ ಮೇಲೆ ಕಪ್ಪು ಬಣ್ಣದ್ದು ಹಕ್ಕಿಗಳ ಕಣ್ಣಿಗೆ ಬೀಳುವುದಿಲ್ಲ ಎಂಬ ಊಹೆಯೇನೋ ಇತ್ತು. 1924ರಲ್ಲಿ ಹಾಲ್ಡೇನ್ ಅದನ್ನು ಲೆಕ್ಕಕ್ಕಿಳಿಸಿದರು. ಈ ಪತಂಗಕ್ಕೆ ವರ್ಷಕ್ಕೊಂದೇ ತಲೆಮಾರು. ಐವತ್ತು ಚಿಲ್ಲರೆ ತಲೆಮಾರುಗಳಲ್ಲಿ ಇಷ್ಟು ಬದಲಾಗಬೇಕಾದರೆ ಬಿಳಿಯದರ ಎರಡು ಮರಿ ಉಳಿಯುವಲ್ಲಿ ಕಪ್ಪಿನವು ಹೆಚ್ಚುಕಡಿಮೆ ಮೂರು ಉಳಿಯಬೇಕು. ನಿಸರ್ಗದ ಆಯ್ಕೆ ಯಾವಾಗಲೂ ಆಮೆಯ ನಡಿಗೆ ಎಂದುಕೊಂಡಿದ್ದವರಿಗೆ ಈ ಅಂಕಿ ನುಂಗಲಾರದ ತುತ್ತಾಗಿತ್ತು. 1950ರ ದಶಕದಲ್ಲಿ ಜೀವವಿಜ್ಞಾನಿ ಕೆಟಲ್‌ವೆಲ್ ಕಾಡಿನಲ್ಲಿ ಪತಂಗಗಳನ್ನು ಬಿಟ್ಟು ಎಣಿಸಿದಾಗ, ಹಕ್ಕಿಗಳು ನಿಜಕ್ಕೂ ಹಾಗೆಯೇ ಆರಿಸಿ ತಿನ್ನುತ್ತಿದ್ದುದು ಕಂಡಿತು.

ಅವರ ಜನಪ್ರಿಯ ಬರಹದ ಜಾಡೂ ಇದೇ. ಪ್ರಾಣಿಗಳ ಗಾತ್ರದ ಬಗ್ಗೆ ಅವರು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಚಿಟ್ಟಿಲಿಯಂಥ ಪುಟ್ಟ ಜೀವಿ ಆಳದ ಗಣಿಗೆ ಬಿದ್ದರೂ ಕೊಡವಿಕೊಂಡು ಎದ್ದು ಹೋಗುತ್ತದೆ, ಕುದುರೆ ಉಳಿಯುವುದಿಲ್ಲ. ಮೈ ಹಿಗ್ಗಿದಂತೆ ತೂಕ ಘನವಾಗಿ ಏರುತ್ತದೆ, ಗಾಳಿಯನ್ನು ತಡೆಯುವ ಚರ್ಮ ವರ್ಗವಾಗಿ ಮಾತ್ರ. ಸಂಶೋಧನಾ ಪತ್ರಿಕೆಗೆ ಒಂದು ತರ್ಕ, ಕೂಲಿಕಾರನ ದಿನಪತ್ರಿಕೆಗೆ ಇನ್ನೊಂದು ತರ್ಕ ಎಂಬುದು ಅವರಲ್ಲಿಲ್ಲ. ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ಗೆ ಬರೆದ ಮುನ್ನೂರಕ್ಕೂ ಮಿಕ್ಕಿದ ಲೇಖನಗಳನ್ನು ಹಾಗಾಗಿಯೇ ಬಿಡುವಿನ ಬರಹವೆಂದು ತಳ್ಳಿಹಾಕಲಾಗದು.

ಹಾಗಿದ್ದರೆ, ಗಳಿಸಿದ ಗುಣಗಳು ಸಂತತಿಗೆ ಹರಿಯುತ್ತವೆ ಎಂದು ವಾದಿಸಿದ ಸೋವಿಯತ್ ಕೃಷಿವಿಜ್ಞಾನಿ ಲೈಸೆಂಕೊ ವಿಷಯದಲ್ಲಿ ಆ ‘ಎಷ್ಟು’ ಎಲ್ಲಿ ಹೋಯಿತು ಎಂದು ಕೇಳಬಹುದು. ಕೇಳಲೇಬೇಕು. ಹಾಲ್ಡೇನ್ ಅವರನ್ನು ರಷ್ಯಕ್ಕೆ ಕರೆಸಿಕೊಂಡಿದ್ದ, ಲೈಸೆಂಕೊನನ್ನು ವಿರೋಧಿಸಿದ್ದ ತಳಿವಿಜ್ಞಾನಿ ವವಿಲೋವ್ 1943ರಲ್ಲಿ ಸ್ಟಾಲಿನ್‌ನ ಸೆರೆಮನೆಯಲ್ಲಿ ಸತ್ತರು. ಆಮೇಲೂ ಕಮ್ಯುನಿಸ್ಟ್ ಹಾಲ್ಡೇನ್, ಪುರಾವೆಯಿಲ್ಲದ ಲೈಸೆಂಕೊ ವಾದವನ್ನು ಖಡಾಖಂಡಿತವಾಗಿ ತಿರಸ್ಕರಿಸದೆ ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಇದಕ್ಕೆ ಸಮಜಾಯಿಷಿ ಇಲ್ಲ. ಆದರೆ ಸೋತದ್ದು ಪಕ್ಷಕ್ಕೆ ಕಟ್ಟುಬಿದ್ದ ಮನುಷ್ಯ. ಲೈಸೆಂಕೊನನ್ನು ಅಳೆಯಲು ಬೇಕಿದ್ದ ಕೋಲು ಅವರದೇ ಲೇಖನಗಳಲ್ಲಿತ್ತು, ಅವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ ಅಷ್ಟೆ.

1957ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೆ ಆ ಅಳತೆಗೋಲು ಮತ್ತೆ ಹಾಲ್ಡೇನ್ ಕೈಗೆ ಬಂತು. ಬಡ ದೇಶದಲ್ಲಿ ದುಬಾರಿ ಉಪಕರಣವಿಲ್ಲದೆ ವಿಜ್ಞಾನ ಹೇಗೆ ಎಂಬ ಕೊರಗಿಗೆ ಅವರ ಉತ್ತರ, ಎಣಿಸಿ ಎಂಬುದು. ಸಹೋದ್ಯೋಗಿ ಎಸ್.ಕೆ. ರಾಯ್ ಪಾರಿಜಾತದ ಹೂಗಳನ್ನು ಆಯ್ದು ಒಂದೊಂದರ ಎಸಳು ಎಣಿಸಿದರು, ಟಿ.ಎ. ಡೇವಿಸ್ ತೆಂಗಿನ ಮರದ ಗರಿಗಳು ಎಡಕ್ಕೆ ಸುತ್ತಿವೆಯೋ ಬಲಕ್ಕೋ ಎಂದು ತೋಟ ತೋಟ ಅಲೆದು ಲೆಕ್ಕ ಹಾಕಿದರು. ಎಡಕ್ಕೆ ಸುತ್ತಿದ ಮರಗಳು ಸರಾಸರಿಯಲ್ಲಿ ಹೆಚ್ಚು ಕಾಯಿ ಬಿಡುತ್ತಿದ್ದವು.