ಬೀಗದೊಳಗಿನ ಶಾಲೆಗೆ ಅಳತೆಗೋಲು ಸಿಕ್ಕ ಬಗೆ

ಜೇಮ್ಸ್ ಫೋರ್ಮನ್ ಜೂನಿಯರ್ 1990ರ ದಶಕದ ನಡುವಿನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಸರ್ಕಾರಿ ಸಂಬಳದ ವಕೀಲರಾಗಿದ್ದರು. ವಕೀಲರಿಗೆ ಫೀಸು ಕೊಡಲು ಕೈಲಾಗದ ಆರೋಪಿಗಳ ಪರ ವಾದಿಸುವುದು ಅವರ ಕೆಲಸ. ಅವರ ತಂದೆ ಆಫ್ರಿಕನ್ ಅಮೆರಿಕನ್ನರ ನಾಗರಿಕ ಹಕ್ಕಿನ ಚಳವಳಿಯಲ್ಲಿ ವಿದ್ಯಾರ್ಥಿಗಳನ್ನು ಸಂಘಟಿಸಿದ ದೊಡ್ಡ ಮುಖಂಡ. ಮಗ ಹಿಡಿದದ್ದು ನ್ಯಾಯಾಲಯದ ದಾರಿ. ಅವರ ಕಕ್ಷಿದಾರರಲ್ಲಿ ಹದಿನೈದು, ಹದಿನಾರರ ಹುಡುಗರು ಬಹಳ ಮಂದಿ ಇದ್ದರು. ಇಂಥವನನ್ನು ಕೂಡಿಹಾಕಬೇಡಿ, ಹೊರಗಿದ್ದೇ ತಿದ್ದಿಕೊಳ್ಳುತ್ತಾನೆ ಎಂದು ವಾದಿಸಬೇಕಾದರೆ ಅವನನ್ನು ಸೇರಿಸಿಕೊಳ್ಳುವ ಒಂದು ಶಾಲೆಯನ್ನಾದರೂ ತೋರಿಸಬೇಕು. ಅಂಥ ಶಾಲೆ ನಗರದಲ್ಲಿ ಸಿಗುತ್ತಿರಲಿಲ್ಲ. ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿದ ಹುಡುಗನನ್ನು ಹಳೆಯ ಶಾಲೆ ಮತ್ತೆ ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತಿತ್ತು. ಬಿಟ್ಟುಕೊಂಡರೂ ಅವನು ಬಿಟ್ಟುಹೋದ ಪಾಠ ಅವನಿಗಾಗಿ ಕಾದಿರುತ್ತಿರಲಿಲ್ಲ.

ಫೋರ್ಮನ್ ತಮ್ಮಂತೆಯೇ ಕಾನೂನು ಓದಿದ್ದ ಡೇವಿಡ್ ಡೊಮೆನಿಚಿ ಜೊತೆ ಸೇರಿ ‘ಸೀ ಫಾರೆವರ್’ ಎಂಬ ಪ್ರತಿಷ್ಠಾನ ಕಟ್ಟಿದರು. 1997ರಲ್ಲಿ ಕೋರ್ಟಿನಿಂದ ಬಂದ ಸುಮಾರು ಇಪ್ಪತ್ತು ಮಕ್ಕಳಿಂದ ಅವರ ಶಾಲೆ ಶುರುವಾಯಿತು. ಓದಿನ ಜೊತೆಗೆ ಮಕ್ಕಳು ಅಡುಗೆ ಮಾಡಿ ಸಮಾರಂಭಗಳಿಗೆ ಒದಗಿಸುವ ಕೆಲಸವನ್ನೂ ಮಾಡಿ ಸಂಬಳ ಪಡೆಯುತ್ತಿದ್ದರು. ಶಾಲೆಗೆ ಕವಯಿತ್ರಿ ಮಾಯಾ ಏಂಜೆಲೊ ಹೆಸರು ಬಂದದ್ದು ವಿದ್ಯಾರ್ಥಿಗಳ ಆಯ್ಕೆಯಿಂದಲೇ. ಎಳವೆಯಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಸುಮಾರು ಐದು ವರ್ಷ ಮಾತನ್ನೇ ಬಿಟ್ಟಿದ್ದ, ಓದಿನ ಮೂಲಕ ಮತ್ತೆ ಮಾತಿಗೆ ಬಂದ ಆಕೆಯ ಹೆಸರನ್ನು ಆ ಮಕ್ಕಳು ಆರಿಸಿಕೊಂಡದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಆದರೆ ಇದು ಹೊರಗಿನ ಶಾಲೆ. ನಗರದ ಬಾಲಾಪರಾಧಿಗಳನ್ನು ಇಡುತ್ತಿದ್ದ ಜಾಗ ಬೇರೆಯೇ ಇತ್ತು. ಅದು ಪಕ್ಕದ ಮೇರಿಲ್ಯಾಂಡ್ ರಾಜ್ಯದ ಲಾರೆಲ್ ಬಳಿಯ ಓಕ್ ಹಿಲ್. ಅಲ್ಲಿನ ದುಃಸ್ಥಿತಿ ಪ್ರಶ್ನಿಸಿ 1985ರಲ್ಲೇ ಮೊಕದ್ದಮೆ ಹೂಡಲಾಗಿತ್ತು. ಮಕ್ಕಳ ಗುರುತು ಮರೆಮಾಡಲು ಅದಕ್ಕಿಟ್ಟ ಹೆಸರು ‘ಜೆರಿ ಎಂ’ ಪ್ರಕರಣ. ಮರುವರ್ಷ, ಸುಧಾರಣೆ ಮಾಡುತ್ತೇವೆಂದು ನಗರಾಡಳಿತ ಒಪ್ಪಿಕೊಂಡು ನ್ಯಾಯಾಲಯದ ಆದೇಶವೂ ಆಯಿತು. ಆದೇಶವಾಗಿ ಇಪ್ಪತ್ತು ವರ್ಷ ಕಳೆದರೂ ಓಕ್ ಹಿಲ್ ಸುಧಾರಿಸಲಿಲ್ಲ. ವಸತಿ, ಊಟ, ಔಷಧಿಗಳ ಜೊತೆಗೆ ಶಿಕ್ಷಣವೂ ಆ ಆದೇಶದಲ್ಲಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಒಳ್ಳೆಯ ಶಿಕ್ಷಣ ಕೊಡಿ ಎಂದು ಬರೆಯುವುದು ಸುಲಭ. ಆ ಗೋಡೆಗಳೊಳಗೆ ಒಳ್ಳೆಯದೆಂದರೆ ಏನು, ಅದನ್ನು ಅಳೆಯುವುದು ಹೇಗೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಅದು ಸ್ಪಷ್ಟವಾಗದೇ ಇದ್ದದ್ದಕ್ಕೆ ಒಂದು ಕಾರಣವಿದೆ. ಒಳಗಿರುವ ಮಕ್ಕಳು ಯಾರು ಎಂದೇ ಬಹುಕಾಲ ಯಾರೂ ಎಣಿಸಿರಲಿಲ್ಲ. 1975ರಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆಯೊಂದು ಅಂಗವಿಕಲ ಮಕ್ಕಳಿಗೆಲ್ಲ ಉಚಿತ, ಸೂಕ್ತ ಶಿಕ್ಷಣದ ಹಕ್ಕು ಕೊಟ್ಟಿತು. ಕಲಿಕೆಯ ತೊಡಕು, ಭಾವನಾತ್ಮಕ ತೊಂದರೆ ಇರುವವರೂ ಅದರೊಳಗೆ ಬರುತ್ತಾರೆ. ಅಂಥ ಪ್ರತಿ ಮಗುವಿಗೂ ಅದರದೇ ಆದ ಲಿಖಿತ ಶಿಕ್ಷಣ ಯೋಜನೆ ಇರಬೇಕೆಂದು ಕಾಯ್ದೆ ಹೇಳಿತು. ಜೈಲಿನೊಳಗಿರುವ ಮಗುವಿಗೂ ಇದು ಅನ್ವಯಿಸುತ್ತದೆಯೇ? ಮ್ಯಾಸಚೂಸೆಟ್ಸಿನಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯಿತು. 1981ರ ಗ್ರೀನ್ ವರ್ಸಸ್ ಜಾನ್ಸನ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯ, 22 ವರ್ಷದೊಳಗಿನ ಅಂಗವಿಕಲ ಕೈದಿಗಳಿಗೂ ಈ ಹಕ್ಕಿದೆ, ಬಂಧನದಲ್ಲಿರುವುದರಿಂದ ಅದು ಅಳಿಯುವುದಿಲ್ಲ ಎಂದಿತು.

ಹಕ್ಕಿದೆ ಎಂದಾದ ಮೇಲೆ, ಅದು ಎಷ್ಟು ಜನರ ಹಕ್ಕು ಎಂದು ಎಣಿಸಲೇಬೇಕಾಯಿತು. ರಾಬರ್ಟ್ ರುದರ್ಫರ್ಡ್ ಮತ್ತು ಸಂಗಡಿಗರು ರಾಜ್ಯ ರಾಜ್ಯಗಳ ಇಲಾಖೆಗಳಿಂದ ಮಾಹಿತಿ ತರಿಸಿ 1985ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಬಾಲಾಪರಾಧಿ ಸಂಸ್ಥೆಗಳಲ್ಲಿದ್ದವರಲ್ಲಿ ಶೇ. 28ರಷ್ಟು ಮಂದಿ ವಿಶೇಷ ಶಿಕ್ಷಣ ಬೇಕಾದವರು. ಇಪ್ಪತ್ತು ವರ್ಷಗಳ ನಂತರ, 2005ರಲ್ಲಿ, ಮೇರಿ ಮಗೀ ಕ್ವಿನ್, ರುದರ್ಫರ್ಡ್, ಪೀಟರ್ ಲಿಯೋನ್ ಮೊದಲಾದವರು ಇನ್ನೊಂದು ರಾಷ್ಟ್ರವ್ಯಾಪಿ ಸಮೀಕ್ಷೆ ಪ್ರಕಟಿಸಿದರು. ಈ ಬಾರಿ ಬಂದದ್ದು ಶೇ. 33.4. ಅದೇ ಕಾಲದಲ್ಲಿ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಈ ಪ್ರಮಾಣ ಶೇ. 8.8 ಮಾತ್ರ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ನನ್ನ ಮನಸ್ಸು ಕಲಕಿತು. ಒಳಗಿದ್ದ ಪ್ರತಿ ಮೂವರಲ್ಲಿ ಒಬ್ಬ, ಶಾಲೆಯಲ್ಲಿದ್ದಾಗಲೇ ನೆರವು ಬೇಕಿದ್ದ ಮಗು. ಅಕ್ಷರ ಕೂಡಿಸಲಾಗದೆ ಕಷ್ಟಪಟ್ಟವನನ್ನು ತರಗತಿ ಸೋಮಾರಿ ಎಂದಿತು, ಸಿಟ್ಟಿನ ಹಿಂದೆ ಕಾಯಿಲೆಯಿದ್ದವನನ್ನು ಪುಂಡ ಎಂದಿತು. ಇಂಥ ಮಕ್ಕಳೆಲ್ಲ ಅಪರಾಧಕ್ಕೆ ಹುಟ್ಟಿದವರು ಎಂದೇನೂ ಈ ಅಂಕಿ ಹೇಳುವುದಿಲ್ಲ. ಶಾಲೆ ಕೈಬಿಟ್ಟವರನ್ನು ಪೊಲೀಸರು ಮೊದಲು ಹಿಡಿಯುತ್ತಾರೆ ಎಂಬುದನ್ನಷ್ಟೇ ಇದು ಬಲವಾಗಿ ಸೂಚಿಸುತ್ತದೆ. ಈ ಮಕ್ಕಳು ಕಲಿಯಲಾರದವರು ಎಂದು ಅಲ್ಲಿಯತನಕ ನಂಬಿಕೊಂಡು ಬಂದಿದ್ದವರ ಸಮಾಧಾನಕ್ಕೆ ಇದರಿಂದ ಪೆಟ್ಟು ಬಿತ್ತು. ಆ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ.

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕ ಜಾಗಗಳಲ್ಲಿ ಒಂದು, ಮೇಲೆ ಹೇಳಿದ ಅದೇ ಓಕ್ ಹಿಲ್. 2005ರಲ್ಲಿ ನಗರದ ಬಾಲಾಪರಾಧ ಸೇವೆಗಳ ಇಲಾಖೆಗೆ ವಿನ್ಸೆಂಟ್ ಶಿರಾಲ್ಡಿ ಮುಖ್ಯಸ್ಥರಾಗಿ ಬಂದರು. ಅದುವರೆಗೆ ಹೊರಗೆ ನಿಂತು ಇಂಥ ಸಂಸ್ಥೆಗಳನ್ನು ಟೀಕಿಸುತ್ತಿದ್ದವರು ಅವರು. ದೊಡ್ಡ ಬಂದೀಖಾನೆಗಳನ್ನು ಮುಚ್ಚಿ ಸಣ್ಣ ಗುಂಪುಗಳಲ್ಲಿ ಮಕ್ಕಳನ್ನು ಇಡುವ ಮಿಸೌರಿ ರಾಜ್ಯದ ಕ್ರಮ ಅವರಿಗೆ ಮಾದರಿಯಾಗಿತ್ತು. 2007ರಲ್ಲಿ ಓಕ್ ಹಿಲ್ ಒಳಗಿನ ಶಾಲೆಯನ್ನು ಅವರು ಸೀ ಫಾರೆವರ್‌ಗೆ ವಹಿಸಿಕೊಟ್ಟರು. ಹತ್ತು ವರ್ಷ ಹೊರಗೆ ಮಕ್ಕಳಿಗೆ ಕಲಿಸಿದ್ದ ಡೊಮೆನಿಚಿ ಮತ್ತು ಸಂಗಡಿಗರು ಬೀಗದೊಳಗೆ ಕಾಲಿಟ್ಟರು. ಆ ಶಾಲೆಯೇ ಮುಂದೆ ಮಾಯಾ ಏಂಜೆಲೊ ಅಕಾಡೆಮಿ ಆಯಿತು.

ಅವರಿಗೆ ಎದುರಾದ ತೊಡಕು ಕೇವಲ ಶಿಸ್ತಿನದ್ದಲ್ಲ, ಕ್ಯಾಲೆಂಡರಿನದ್ದು. ಅಮೆರಿಕದ ಪ್ರೌಢಶಾಲೆಯಲ್ಲಿ ಹುಡುಗ ಒಂದು ವಿಷಯವನ್ನು ಅರ್ಧ ವರ್ಷ ಅಥವಾ ಇಡೀ ವರ್ಷ ಕಲಿತು ಮುಗಿಸಿದರೆ ಅವನ ಖಾತೆಗೆ ಕ್ರೆಡಿಟ್ ಬೀಳುತ್ತದೆ. ನಿಗದಿಯಾದಷ್ಟು ಕ್ರೆಡಿಟ್ ಕೂಡಿದರೆ ಪ್ರೌಢಶಾಲೆಯ ಪ್ರಮಾಣಪತ್ರ. ಈ ಏರ್ಪಾಡು ಒಂದೇ ಶಾಲೆಯಲ್ಲಿ ವರ್ಷವಿಡೀ ಕೂರುವ ಮಗುವನ್ನು ಕಣ್ಮುಂದಿಟ್ಟುಕೊಂಡು ಮಾಡಿದ್ದು. ಬಂಧನಕ್ಕೆ ಬರುವ ಹುಡುಗನ ಬರವು, ಹೋಕು ಎರಡೂ ನ್ಯಾಯಾಧೀಶರ ಕೈಲಿ. ಅವನು ನವೆಂಬರಿನಲ್ಲಿ ಬರಬಹುದು, ಮಾರ್ಚಿನಲ್ಲಿ ಹೊರಡಬಹುದು. ಬಂದಾಗ ಪಾಠ ಅರ್ಧ ಮುಗಿದಿರುತ್ತದೆ. ಹೋಗುವಾಗ ಪಾಠ ಇನ್ನೂ ಮುಗಿದಿರುವುದಿಲ್ಲ. ಒಂದೇ ವರ್ಷದಲ್ಲಿ ಮೂರು ಕಡೆ ಕೂತು ಓದಿದವನ ಖಾತೆಯಲ್ಲಿ ವರ್ಷದ ಕೊನೆಗೆ ಸೊನ್ನೆ ಇರುವುದು ಸಾಧ್ಯ. ಸಾಲದ್ದಕ್ಕೆ, ಒಂದೇ ಕೋಣೆಯಲ್ಲಿ ಪ್ರಾಥಮಿಕ ಶಾಲೆಯ ಪುಸ್ತಕವನ್ನೂ ತಡವರಿಸುವವನು, ಕಾಲೇಜಿನ ಹೊಸ್ತಿಲಲ್ಲಿರುವವನು ಇಬ್ಬರೂ ಕೂತಿರುತ್ತಾರೆ. ಇಂಥ ಕಡೆ ಸಾಮಾನ್ಯವಾಗಿ ಶಿಕ್ಷಕರು ಕಂಡುಕೊಳ್ಳುವ ಉಪಾಯ ಒಂದೇ: ಪ್ರತಿಯೊಬ್ಬನಿಗೂ ಬಿಟ್ಟ ಸ್ಥಳ ತುಂಬುವ ಹಾಳೆಗಳ ಕಟ್ಟು ಕೊಟ್ಟು ಸುಮ್ಮನೆ ಕೂರಿಸುವುದು. ತರಗತಿ ಗಲಾಟೆಯಿಲ್ಲದೆ ನಡೆಯುತ್ತದೆ. ಕಲಿಕೆ ಮಾತ್ರ ನಡೆಯುವುದಿಲ್ಲ.

ಅಕಾಡೆಮಿಯವರು ವರ್ಷವನ್ನೇ ಕತ್ತರಿಸಿದರು. ಇಡೀ ವರ್ಷದ ಪಾಠವನ್ನು ಸುಮಾರು ಒಂದೊಂದು ತಿಂಗಳ ಎಂಟು ಘಟಕಗಳಾಗಿ ಒಡೆದರು. ಒಂದೊಂದು ಘಟಕಕ್ಕೂ ಒಂದು ಕೇಂದ್ರ ವಿಷಯ: ಬದಲಾವಣೆ, ಅಧಿಕಾರ, ನ್ಯಾಯ, ಆಯ್ಕೆ ಹೀಗೆ. ಭಾಷೆ, ಸಮಾಜ ಮೊದಲಾದ ಪಾಠಗಳನ್ನು ಆ ವಿಷಯದ ಸುತ್ತ ಹೆಣೆದರು. ಹೊಸಬ ಯಾವ ತಿಂಗಳು ಬಂದರೂ ಕೆಲವೇ ವಾರಗಳಲ್ಲಿ ಒಂದು ಹೊಸ ಘಟಕ ಶುರುವಾಗುತ್ತದೆ, ಅವನು ಎಲ್ಲರ ಜೊತೆ ಮೊದಲಿನಿಂದ ಕಲಿಯುತ್ತಾನೆ. ಘಟಕ ಮುಗಿದರೆ ಅಷ್ಟರಮಟ್ಟಿನ ಕ್ರೆಡಿಟ್ ಅವನ ಖಾತೆಗೆ ಬೀಳುತ್ತದೆ. ನಾಳೆಯೇ ಬಿಡುಗಡೆಯಾದರೂ ಗಳಿಸಿದ್ದು ಅವನ ಹಿಂದೆ ಹೋಗುತ್ತದೆ. ಘಟಕದ ಕೊನೆಗೆ ಎಲ್ಲರೆದುರು ಬಹುಮಾನ ಸಮಾರಂಭವೂ ನಡೆಯುತ್ತಿತ್ತು. ಶಾಲೆಯಲ್ಲಿ ಹೊರಗೆ ನಿಲ್ಲಿಸಿಕೊಂಡೇ ಬೆಳೆದ ಹುಡುಗನಿಗೆ ಹೊಗಳಿಸಿಕೊಳ್ಳುವ ಅನುಭವ ಅಲ್ಲೇ ಮೊದಲು ಆಗಿದ್ದರೂ ಆಗಿರಬಹುದು.

ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ತಿಂಗಳ ಘಟಕ. ಇದರಲ್ಲಿ ಯಂತ್ರವಿಲ್ಲ, ದುಬಾರಿ ಸಾಮಗ್ರಿಯಿಲ್ಲ. ದೊಡ್ಡವರ ಅನುಕೂಲಕ್ಕೆ ಮಾಡಿದ ವೇಳಾಪಟ್ಟಿಗೆ ಮಗುವನ್ನು ಹೊಂದಿಸುವುದನ್ನು ಬಿಟ್ಟು, ಮಗುವಿನ ಬದುಕು ನಿಜಕ್ಕೂ ಹೇಗಿದೆಯೋ ಹಾಗೆ ವೇಳಾಪಟ್ಟಿಯನ್ನು ಬದಲಿಸಿದರು. ಪಾಠದ ಮಟ್ಟವನ್ನು ಮಾತ್ರ ಇಳಿಸಲಿಲ್ಲ. ಕೂಡಿಹಾಕಿದ ಮಕ್ಕಳಿಗೆ ಇಷ್ಟು ಸಾಕು ಎನ್ನುವ ಔದಾರ್ಯದಷ್ಟು ಕ್ರೂರವಾದದ್ದು ಬೇರೆ ಇಲ್ಲ.

ಇನ್ನೊಂದನ್ನೂ ಅವರು ಕಂಡುಕೊಂಡರು. ಹುಡುಗ ಹೊರಡುವ ದಿನ ಶಾಲೆಯ ಕೆಲಸ ಮುಗಿಯುವುದಿಲ್ಲ. ಅವನನ್ನು ಹೊರಗಿನ ಶಾಲೆಗೋ ಕೆಲಸಕ್ಕೋ ಸೇರಿಸಿ, ತಿಂಗಳುಗಟ್ಟಲೆ ಬೆನ್ನಿಗೆ ನಿಲ್ಲುವ ಸಿಬ್ಬಂದಿಯನ್ನು ಶಾಲೆಯೇ ಇಟ್ಟುಕೊಂಡಿತು. 2009ರಲ್ಲಿ ಓಕ್ ಹಿಲ್ ಬಾಗಿಲು ಮುಚ್ಚಿತು. ಅಲ್ಲೇ ಹತ್ತಿರ 60 ಹಾಸಿಗೆಗಳ ಹೊಸ ಕೇಂದ್ರ ತೆರೆಯಿತು, ಶಾಲೆಯೂ ಅಲ್ಲಿಗೆ ಹೋಯಿತು. ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಎರಡು ದಶಕ ಬೈಸಿಕೊಂಡೇ ಬಂದಿದ್ದ ಶಾಲೆಯನ್ನು ಅದೇ ಮೇಲ್ವಿಚಾರಣೆ ಈಗ ಮೆಚ್ಚಿ ವರದಿ ಕೊಟ್ಟಿತು.

ಒಂದು ಊರಿನಲ್ಲಿ ಗೆದ್ದದ್ದು ದೇಶದ ಮಾನದಂಡವಾಗಲು ಇನ್ನೂ ಐದು ವರ್ಷ ಬೇಕಾಯಿತು. ಒಂದೊಂದು ದಿನವೂ ಸುಮಾರು 60,000 ಮಕ್ಕಳು ದೇಶದ ಬಾಲಾಪರಾಧಿ ಕೇಂದ್ರಗಳಲ್ಲಿರುತ್ತಿದ್ದ ಕಾಲ ಅದು. 2014ರ ಡಿಸೆಂಬರ್ 8ರಂದು ವರ್ಜೀನಿಯಾದ ಅಲೆಕ್ಸಾಂಡ್ರಿಯದಲ್ಲಿ, ಅಂಥದೇ ಒಂದು ಕೇಂದ್ರದಲ್ಲಿ ನಿಂತು, ಶಿಕ್ಷಣ ಕಾರ್ಯದರ್ಶಿ ಆರ್ನಿ ಡಂಕನ್ ಮತ್ತು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಐದು ಮಾರ್ಗದರ್ಶಿ ತತ್ವಗಳನ್ನು ಪ್ರಕಟಿಸಿದರು. ಓದಿಗೆ ಮೊದಲ ಮಣೆ ಹಾಕುವ ಸುರಕ್ಷಿತ ವಾತಾವರಣ, ಸಾಕಷ್ಟು ಹಣ, ಅರ್ಹ ಶಿಕ್ಷಕರು, ಹೊರಗಿನ ಶಾಲೆಯಷ್ಟೇ ಗಟ್ಟಿಯಾದ ಪಠ್ಯಕ್ರಮ, ಬಿಡುಗಡೆಯ ನಂತರ ಶಾಲೆಗೆ ಮರಳುವ ದಾರಿ. ಇವುಗಳಲ್ಲಿ ಯಾವುದೂ ಪಂಡಿತರು ಕೋಣೆಯಲ್ಲಿ ಕೂತು ಕಲ್ಪಿಸಿದ್ದಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಮೊಕದ್ದಮೆ, ಒಂದು ಎಣಿಕೆ, ಒಂದು ಶಾಲೆ ಪಟ್ಟ ಪಾಡು ಇದೆ.

ತತ್ವಗಳು ಬಂದ ಮಾತ್ರಕ್ಕೆ ಕೆಲಸವಾಗಲಿಲ್ಲ. ಮರುವರ್ಷ ಪ್ರಕಟವಾದ ಐವತ್ತೂ ರಾಜ್ಯಗಳ ಸಮೀಕ್ಷೆಯೊಂದರಲ್ಲಿ, ಹೊರಗಿನ ಮಕ್ಕಳಿಗೆ ಸಿಗುವ ಶಿಕ್ಷಣ ಮತ್ತು ವೃತ್ತಿ ತರಬೇತಿಯೆಲ್ಲ ಒಳಗಿನವರಿಗೂ ಸಿಗುತ್ತದೆ ಎಂದು ಹೇಳಿದ್ದು ಎಂಟೇ ರಾಜ್ಯಗಳು. ಅದೇ ವರ್ಷದ ಡಿಸೆಂಬರಿನಲ್ಲಿ ತಿದ್ದುಪಡಿಯಾದ ಶಾಲಾ ಕಾಯ್ದೆ, ಒಳಗೆ ಗಳಿಸಿದ ಕ್ರೆಡಿಟ್ ಹೊರಗಿನ ಶಾಲೆಗೆ ವರ್ಗವಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ರಾಜ್ಯಗಳ ಮೇಲೆ ಹಾಕಿತು.

ಈ ಕತೆ ನಮಗೆ ದೂರದ್ದಲ್ಲ. ವಿಚಾರಣೆಯಲ್ಲಿರುವ ಮಕ್ಕಳನ್ನು ಇಡುವ ಕರ್ನಾಟಕದ ವೀಕ್ಷಣಾಲಯಗಳಿಗೂ ಅನ್ವಯಿಸುವ 2015ರ ಬಾಲನ್ಯಾಯ ಕಾಯ್ದೆಯ 53ನೇ ಸೆಕ್ಷನ್, ಒಳಗಿರುವ ಮಗುವಿಗೆ ಸೂಕ್ತ ಶಿಕ್ಷಣ, ಪೂರಕ ಶಿಕ್ಷಣ, ವಿಶೇಷ ಶಿಕ್ಷಣ ಕೊಡಬೇಕೆಂದು ಹೇಳುತ್ತದೆ. ಅದೇ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಬಾಲನ್ಯಾಯ ಮಂಡಳಿ ವಿಚಾರಣೆಯನ್ನು ನಾಲ್ಕು ತಿಂಗಳಲ್ಲಿ ಮುಗಿಸಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ನಮ್ಮ ಶಾಲೆಯ ವರ್ಷ ಹೆಚ್ಚುಕಡಿಮೆ ಜೂನ್‌ನಿಂದ ಏಪ್ರಿಲ್ ಆರಂಭದವರೆಗೆ. ಆಗಸ್ಟಿನಲ್ಲಿ ಒಳಹೋಗಿ ಡಿಸೆಂಬರಿನಲ್ಲಿ ಹೊರಬರುವ ಹತ್ತನೇ ತರಗತಿಯ ಹುಡುಗನಿಗೆ ಓಕ್ ಹಿಲ್‌ನ ಹುಡುಗನ ತೊಡಕೇ ಎದುರಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ 14 ವರ್ಷಕ್ಕೆ ನಿಂತುಬಿಡುವುದರಿಂದ ಅವನ ಪಾಡು ಇನ್ನೂ ಬಿಗಡಾಯಿಸುತ್ತದೆ. ಆದರೂ ನಮ್ಮಲ್ಲಿ ಕೈಗೆಟುಕುವ ದಾರಿಯೊಂದಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ಪಾಸಾದ ವಿಷಯಗಳನ್ನು ಒಂದೊಂದಾಗಿ ಕೂಡಿಟ್ಟುಕೊಳ್ಳಲು ಐದು ವರ್ಷ ಕಾಲಾವಕಾಶ ಕೊಡುತ್ತದೆ. ತಿಂಗಳ ಘಟಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಓದುಗರಲ್ಲಿ ಮೇಷ್ಟ್ರುಗಳಿದ್ದೀರಿ, ವಕೀಲರಿದ್ದೀರಿ, ಸಮಾಜ ಕಾರ್ಯ ಮಾಡುವವರಿದ್ದೀರಿ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಪ್ರತಿ ಸಂಸ್ಥೆಗೂ ನಿರ್ವಹಣಾ ಸಮಿತಿ ಇರಲೇಬೇಕು. ಅಲ್ಲಿ ನಿಮಗೆ ಮಾತಾಡುವ ಅವಕಾಶ ಸಿಕ್ಕರೆ, ಪ್ರತಿ ಮಗುವಿನ ವಿಷಯದಲ್ಲಿಯೂ ಎರಡು ಮಾತು ಕೇಳಿ: ಬಂದ ದಿನ ಇದು ಎಷ್ಟು ಓದಬಲ್ಲದು ಎಂದು ಪರೀಕ್ಷಿಸಿದ್ದೀರಾ, ಹೊರಡುವ ದಿನ ಕಲಿತದ್ದಕ್ಕೆ ಯಾವ ದಾಖಲೆ ಕೈಗೆ ಕೊಡುತ್ತೀರಿ? ಉತ್ತರ ಬರೆದು ಕೊಡುವವರೆಗೆ ಕೇಳುತ್ತಲೇ ಇರಿ.