ಪೊರೆ ಬಿಡಲಾರದ ಹಾವು

ನಮ್ಮ ಹಿಂದಿನವರಿಗೆ ಹಾವಿನ ಪೊರೆ ಬಹು ಪ್ರಿಯವಾದ ಉಪಮಾನ. ಜೀವನು ದೇಹವನ್ನು ತೊರೆಯುವುದಕ್ಕೂ, ವಿರಕ್ತನು ಸಂಸಾರವನ್ನು ಕಳಚುವುದಕ್ಕೂ ಅದೇ ಹೋಲಿಕೆ. ಸಂಸ್ಕೃತದವರು ಅದನ್ನು ನಿರ್ಮೋಕವೆಂದರು, ಕಂಚುಕವೆಂದರು. ವರುಷವರುಷವೂ ತರಗತಿಯಲ್ಲಿ ಈ ಮಾತನ್ನು ವಿವರಿಸುತ್ತ ಬಂದಿರುವ ನನಗೆ, ಪೊರೆ ಬಿಡಲಾರದ ಹಾವೊಂದು ಇರಬಹುದೆಂಬ ಯೋಚನೆ ಬಂದುದೇ ಇಲ್ಲ.

ಹುಣಸೂರಿನ ನಮ್ಮ ಮನೆಗೆ ನಾಗರಪಂಚಮಿಯ ಆಸುಪಾಸಿನಲ್ಲಿ ಹಾವಾಡಿಗನೊಬ್ಬ ತಪ್ಪದೆ ಬರುತ್ತಿದ್ದ. ಹೆಗ್ಗಡದೇವನಕೋಟೆಯ ಕಡೆಯವನು. ಆಷಾಢದ ಜಡಿಮಳೆಯಲ್ಲಿ ಊರು ಬಿಟ್ಟು, ಹುಣಸೂರು, ಪಿರಿಯಾಪಟ್ಟಣಗಳನ್ನು ಸುತ್ತಿ ಕೃಷ್ಣರಾಜನಗರದ ಗದ್ದೆಬಯಲನ್ನು ಮುಟ್ಟುವವರೆಗೆ ಆತನ ಬಿದಿರುಬುಟ್ಟಿ ಒಂದು ದಿನವೂ ಒಣಗಿರುತ್ತಿರಲಿಲ್ಲ. ನಮ್ಮ ತಾಯಿಯವರು ಹೆಡೆಗೆ ಅರಿಶಿನ ಕುಂಕುಮ ಹಚ್ಚಿ ಬಟ್ಟಲಲ್ಲಿ ಹಾಲಿಡುವರು. ನಾನು ಹತ್ತು ರೂಪಾಯಿ ಕೊಡುವೆನು. ಹೀಗೆ ನಡೆದುಕೊಂಡು ಬಂದಿತ್ತು.

ಮೂರು ವರ್ಷಗಳ ಹಿಂದೆ ಆತ ಬುಟ್ಟಿಯ ಮುಚ್ಚಳ ತೆಗೆದೊಡನೆ ನಾತ ಹೊಡೆಯಿತು. ನಾಗರದ ಬೆನ್ನಿನ ಮೇಲೆ ಪೊರೆ ಚಿಂದಿಚಿಂದಿಯಾಗಿ ಅಂಟಿಕೊಂಡಿತ್ತು. ಹೊಟ್ಟೆಯ ಹುರುಪೆಗಳು ಕಂದಿ, ಅಲ್ಲಲ್ಲಿ ನೀರುಗುಳ್ಳೆ ಎದ್ದಿದ್ದವು.

“ಏನಪ್ಪಾ ಇದು?” ಎಂದೆ.

“ಪೊರೆ ಬುಡ್ತಾ ಅದೆ ಬುದ್ದೀ. ಎಂಟು ದಿನಕ್ಕೆ ಸರಿಹೋಯ್ತದೆ.”

ನನಗೆ ನಂಬಿಕೆ ಬರಲಿಲ್ಲ. ಆತನನ್ನು ಜಗಲಿಯ ಮೇಲೆ ಕೂರಿಸಿ, ಪಶುವೈದ್ಯರಾಗಿರುವ ಮಿತ್ರರೊಬ್ಬರಿಗೆ ಫೋನು ಮಾಡಿದೆ. ಅವರು ಹೇಳಿದ ಸಂಗತಿಗಳು ಹಾವು ಸಾಕುವ ಯಾರಿಗಾದರೂ ತಿಳಿದಿರತಕ್ಕವು. ಪೊರೆ ಬಿಡುವ ಮುನ್ನ ಆರೋಗ್ಯವಂತ ಹಾವಿನ ಮೈ ಮಂಕಾಗುತ್ತದೆ, ಕಣ್ಣು ಹಾಲುನೀಲಿಗೆ ತಿರುಗುತ್ತದೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಆಮೇಲೆ ತುಟಿಯಿಂದ ಬಾಲದವರೆಗೆ ಪೊರೆ ಕಾಲುಚೀಲದಂತೆ ಮಗುಚಿಕೊಂಡು ಇಡಿಯಾಗಿ ಕಳಚುತ್ತದೆ. ಚೂರುಚೂರಾಗಿ ಬಂದರೆ, ಕಣ್ಣಿನ ಮೇಲೆ ಹಳೆಯ ಪೊರೆ ಉಳಿದರೆ, ಹೊಟ್ಟೆಯ ಹುರುಪೆ ಕೆಂಪಾಗಿಯೋ ಕಂದಾಗಿಯೋ ಗುಳ್ಳೆಯೆದ್ದರೆ, ಅದು ಪೊರೆಯ ಕಾಲವಲ್ಲ, ರೋಗ. ಒದ್ದೆಯಲ್ಲಿ, ತನ್ನ ಮಲದ ಮೇಲೆಯೇ ಮಲಗಬೇಕಾದ ಹಾವಿಗೆ ಬ್ಯಾಕ್ಟೀರಿಯವೋ ಶಿಲೀಂಧ್ರವೋ ಹತ್ತುತ್ತದೆ. ಸೋಂಕು ರಕ್ತಕ್ಕೆ ಇಳಿದರೆ ಬದುಕುವುದು ಕಷ್ಟ. ಕಣ್ಣಿನ ಅಂಚಿನಲ್ಲಿ, ಗದ್ದದ ಕೆಳಗೆ ಮೆಣಸಿನ ಪುಡಿಯಂತೆ ಕಪ್ಪು ಚುಕ್ಕೆ ಹರಿದಾಡಿದರೆ ಅದು ಉಣ್ಣೆಯ ಜಾತಿಯ ಸಣ್ಣ ಹುಳು. ಅದೂ ಮೈಯನ್ನು ಕೆಡಿಸುತ್ತದೆ.

ಚಿಕಿತ್ಸೆಯ ಮೊದಲರ್ಧ ಔಷಧವೇ ಅಲ್ಲ. ಗಾಳಿಯಾಡುವ ಒಣಗೂಡು, ದಿನವೂ ಬದಲಿಸುವ ಕಾಗದದ ಹಾಸು, ಒಂದು ಬದಿಗೆ ಹಿತವಾದ ಶಾಖ. ಹಾವಿನ ರಕ್ತ ತನ್ನಿಂದ ತಾನೇ ಬೆಚ್ಚಗಾಗದು; ಮೈ ತಣ್ಣಗಿದ್ದರೆ ರೋಗದೊಡನೆ ಹೋರಾಡುವ ಶಕ್ತಿಯೂ ಕುಗ್ಗುತ್ತದೆ. ಹುಣ್ಣಿಗೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್. ಗುಳ್ಳೆ ಹರಡಿದ್ದರೆ ಪ್ರತಿಜೈವಿಕದ ಚುಚ್ಚುಮದ್ದು, ಅದೂ ವೈದ್ಯರ ಕೈಯಿಂದಲೇ. ಅಂಟಿದ ಪೊರೆಯನ್ನು ಎಳೆಯಬಾರದು. ಉಗುರುಬೆಚ್ಚನೆಯ ನೀರಿನಿಂದ ಮೆತ್ತಗಾಗಿಸಿದರೆ ಸಾಕು. ವಾಸಿಯಾಗಲು ವಾರಗಳೇ ಹಿಡಿಯುತ್ತವೆ.

“ಅರಿಶಿನ ಬೇಡ, ಎಣ್ಣೆ ಬೇಡ, ಹಾಲಂತೂ ಬೇಡವೇ ಬೇಡ. ಹಾಲು ಅದರ ಆಹಾರವಲ್ಲ, ಬಾಯಾರಿ ಕುಡಿಯುತ್ತದೆ” ಎಂದು ವೈದ್ಯರು ಹೇಳುತ್ತಿದ್ದಾಗ, ನಡುಮನೆಯಲ್ಲಿ ಹಾಲಿನ ಬಟ್ಟಲು ಸಿದ್ಧವಾಗಿತ್ತು. ತಾಯಿಯವರಿಗೆ ಏನು ಹೇಳಬೇಕೆಂದು ತೋಚಲಿಲ್ಲ.

ಇನ್ನೊಂದು ತೊಡಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರವನ್ನು ಹಿಡಿದಿಟ್ಟುಕೊಳ್ಳುವುದೇ ಅಪರಾಧ. ಚಿಕಿತ್ಸೆ ಮಾಡಬಹುದು, ಆದರೆ ಹಾವು ಅರಣ್ಯ ಇಲಾಖೆಯ ವಶಕ್ಕೆ ಹೋಗಬೇಕು ಎಂದರು ಮಿತ್ರರು. ಅದನ್ನು ಆತನಿಗೆ ತಿಳಿಸಿದೆ.

“ಕೇಸು ಹಾಕ್ಬುಟ್ರೆ ಮಕ್ಳ ಗತಿಯೇನು ಬುದ್ದೀ?”

ಕಾಯಿದೆ ನನಗೆ ಮೊದಲೇ ತಿಳಿದಿತ್ತು. ತಿಳಿದೇ ಹತ್ತು ರೂಪಾಯಿ ಕೊಡುತ್ತಿದ್ದವನು ನಾನು. ಈಗ ಧೈರ್ಯ ಹೇಳಲು ಬಾಯಿ ಬರಲಿಲ್ಲ. ನಾನೂ ಜೊತೆಗೆ ಬರುತ್ತೇನೆಂದು ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ. “ನಾಳೆ ಬತ್ತೀನಿ” ಎಂದು ಬುಟ್ಟಿ ಹೆಗಲಿಗೇರಿಸಿ ಹೋದವನು ಮರುದಿನ ಬರಲಿಲ್ಲ.

ಕಾರ್ತಿಕದಲ್ಲಿ ಬಂದ, ಬುಟ್ಟಿಯಿಲ್ಲದೆ. ಮಗನ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡಬೇಕೆಂದು ಕೇಳಿದ. ಬರೆದು ಮುಗಿಸಿದ ಮೇಲೆ ಹಾವಿನ ವಿಷಯ ವಿಚಾರಿಸಿದೆ. ದನದ ಹುಣ್ಣಿನ ಹುಳು ಸಾಯಿಸಲು ನಮ್ಮ ಕಡೆ ಹೊಗೆಸೊಪ್ಪು ಹಾಕುವುದುಂಟು. ಪಿರಿಯಾಪಟ್ಟಣದಲ್ಲಿ ಯಾರೋ ಕೊಟ್ಟ ಹೊಗೆಸೊಪ್ಪನ್ನು ನೆನೆಸಿ, ಆ ನೀರನ್ನು ಹಾವಿನ ಮೈಗೆ ಸವರಿದನಂತೆ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುವ ವಿಷ. ಬೆಳಗಾಗುವಷ್ಟರಲ್ಲಿ ಹಾವು ಸತ್ತಿತ್ತು.

“ಹುತ್ತದ ತಾವ ಹಾಲು ತುಪ್ಪ ಬುಟ್ಟು ಮಣ್ಣು ಮಾಡ್ದೆ ಬುದ್ದೀ” ಎಂದು ಹೇಳಿ, ಅರ್ಜಿಗೆ ಇನ್ನು ಯಾವ ಕಾಗದ ಲಗತ್ತಿಸಬೇಕೆಂದು ಕೇಳಿದ.