ಗಾಳ ಹಿಡಿದ ಕೈಗೆ ಪೆನ್ಸಿಲ್

ಹಾಳೆಯ ಬಿಳುಪೇ ಇಲ್ಲಿ ಹಿಮ. ನಡುವೆ ಒಂದು ದುಂಡನೆಯ ತೂತು. ಅದರ ಅಂಚಿಗೆ ತುಪ್ಪಳದ ಅಂಗಿ ತೊಟ್ಟ ಹೆಂಗಸು ಬಗ್ಗಿ ಕೂತಿದ್ದಾಳೆ. ಬೆನ್ನ ಮೇಲಿನ ದೊಡ್ಡ ಕುಲಾವಿಯೊಳಗಿಂದ ಕೂಸು ಇಣುಕುತ್ತಿದೆ. ಒಂದು ಕೈಯಲ್ಲಿ ದಾರ, ಅದರ ತುದಿಗೆ ದಂತದಲ್ಲಿ ಕೆತ್ತಿದ ಹುಸಿಮೀನು. ಅದನ್ನು ಕುಣಿಸಿ ಕುಣಿಸಿ ನಿಜಮೀನನ್ನು ಮೇಲಕ್ಕೆ ಕರೆಯುತ್ತಾಳೆ. ಇನ್ನೊಂದು ಕೈಯಲ್ಲಿ ‘ಕಾಕಿವಾಕ್’ ಎಂಬ ಮೂರು ಮೊನೆಯ ಈಟಿ. ನಡುವಿನ ಮೊನೆ ಮೀನಿನ ಬೆನ್ನಿಗೆ ನಾಟುತ್ತದೆ. ಅಕ್ಕಪಕ್ಕದ ಕೊಂಬಿನ ಕವಲುಗಳು ಹಿಗ್ಗಿ, ಒಳಮುಖದ ಮುಳ್ಳುಗಳಿಂದ ಮೀನನ್ನು ಕಚ್ಚಿ ಹಿಡಿಯುತ್ತವೆ. ಆರ್ಕ್ಟಿಕ್ ಸೀಮೆಯ ಇನುಯಿಟ್ ಜನರ ಚಿತ್ರಗಳಲ್ಲಿ ಇಂಥ ಮೀನುಬೇಟೆ ಮತ್ತೆ ಮತ್ತೆ ಬರುತ್ತದೆ.

ಬೇಸಿಗೆಯ ಕೊನೆಯ ನೋಟ ಬೇರೆ. ಚಾರ್ ಮೀನುಗಳು ಕಡಲಿನಿಂದ ಹೊಳೆಗೆ ಮರಳುವ ಕಾಲ ಅದು. ಹೊಳೆಗೆ ಅಡ್ಡಲಾಗಿ ಕಲ್ಲು ಪೇರಿಸಿ ಕಟ್ಟೆ ಹಾಕಿದ್ದಾರೆ. ಒಳಗೆ ಸಿಕ್ಕಿಬಿದ್ದ ಮೀನಿನ ನಡುವೆ ಮಂದಿ ಈಟಿ ಎತ್ತಿ ನಿಂತಿದ್ದಾರೆ. ದಡದಲ್ಲಿ ಸೀಳಿದ ಮೀನುಗಳು, ಬಾಲದ ಹತ್ತಿರ ಮಾತ್ರ ಕೂಡಿಕೊಂಡು, ಹಗ್ಗದ ಮೇಲೆ ಒಗೆದ ಬಟ್ಟೆಯಂತೆ ಒಣಗುತ್ತಿವೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಲೆಕ್ಕ ಇಲ್ಲಿ ನಡೆಯದು. ನೀರೊಳಗಿನ ಮೀನೂ ದಡದ ಮನುಷ್ಯನೂ ಒಟ್ಟಿಗೇ ಕಾಣುತ್ತಾರೆ. ಎಲ್ಲಿ ನಿಲ್ಲಬೇಕು, ಏನು ಹಿಡಿಯಬೇಕು, ಯಾರು ಯಾರ ಜೊತೆಗಿರಬೇಕು, ಎಲ್ಲವೂ ಗೆರೆಯಲ್ಲಿದೆ.

ಈ ಚಿತ್ರಗಳ ದೊಡ್ಡ ತವರು ಕೆನಡಾದ ಬಾಫಿನ್ ದ್ವೀಪದ ಅಂಚಿಗಿರುವ ಕಿನ್ಗೈಟ್ ಎಂಬ ಊರು. ಅಲ್ಲಿ 1950ರ ದಶಕದ ಕೊನೆಗೆ ಅಚ್ಚುಚಿತ್ರದ ಕಾರ್ಯಾಗಾರ ಶುರುವಾಯಿತು; 1959ರಲ್ಲಿ ಮೊದಲ ಸಂಗ್ರಹ ಹೊರಬಂತು. ಜನ ಬೇಟೆಯ ಬಿಡಾರಗಳನ್ನು ಬಿಟ್ಟು ಅಂಗಡಿ, ಶಾಲೆಗಳಿದ್ದ ಊರಿಗೆ ಬಂದು ನೆಲೆಸುತ್ತಿದ್ದ ಹೊತ್ತು ಅದು. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಿದ ಅಲ್ಲಿನ ಪಿಟ್ಸಿಯೊಲಾಕ್ ಅಶೂನಾ ನಡುವಯಸ್ಸು ದಾಟಿದ ಮೇಲೆ ಪೆನ್ಸಿಲ್ ಹಿಡಿದರು. 1983ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಾರು ಚಿತ್ರ ಬರೆದಿದ್ದರು. ಹೆಚ್ಚಿನವು ತಾವು ಬಾಳಿದ ಹಳೆಯ ದಿನಗಳವು: ಡೇರೆ, ನಾಯಿಗಾಡಿ, ಮೀನು, ಹೊಲಿಗೆ.

ಕಲಬುರಗಿ ಜಿಲ್ಲೆಯ ಯಡ್ರಾಮಿಯ ಬಿಸಿಲಲ್ಲಿ ಕೂತು ನೋಡಿದರೂ ಈ ಹಿಮ ಪರಕೀಯ ಅನಿಸುವುದಿಲ್ಲ. ಅಫಜಲಪುರ, ಜೇವರ್ಗಿ ಸೀಮೆಯ ಭೀಮಾ ತೀರದಲ್ಲಿ ಕೋಲಿ, ಕಬ್ಬಲಿಗರ ಮನೆತನಗಳಿಗೂ ಹೊಳೆಯ ಸೆಳವು, ಮಡು, ಮೀನಿನ ಹಾದಿ ಗೊತ್ತು. ಸೊನ್ನದ ಬ್ಯಾರೇಜು ಹರಿವ ನೀರನ್ನು ನಿಲ್ಲಿಸಿದೆ. ನೂಲಿನ ಬಲೆಯ ಜಾಗಕ್ಕೆ ನೈಲಾನ್ ಬಂದಿದೆ. ಹಳೆಯ ಹೊಳೆಯನ್ನು ಕಂಡ ಮುತ್ಯಾ, ಆಯಿ ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ಅವರ ಮುಂದೆ ಹಾಳೆ, ಪೆನ್ಸಿಲ್ ಇಡಲು ದೊಡ್ಡ ಯೋಜನೆ ಬೇಕಿಲ್ಲ. ಒಬ್ಬ ಮೊಮ್ಮಗಳು ಸಾಕು. ಚಿತ್ರ ಚೆಂದ ಬರಬೇಕೆಂದೇನೂ ಇಲ್ಲ, ಬಲೆಯ ಗಂಟು ಸರಿಯಾಗಿ ಬಿದ್ದಿದ್ದರೆ ಸಾಕು.